ಏಳನೆಯ ತುಂಡು

ಏಪ್ರಿಲ್ 3, ಗುರುವಾರ

ನೀರಿನ ಲೆಕ್ಕ ಇಡಲೆಂದು ಈ ಪುಸ್ತಕ ತೆರೆದಿದ್ದೇನೆ. ವೈದ್ಯರು ಹೇಳಿದ ಪ್ರಮಾಣ ದಿನಕ್ಕೆ ಎರಡು ಲೀಟರ್. ಅಕ್ಕ ನಿನ್ನೆ ಕುಡಿದದ್ದು ಆರುನೂರ ಐವತ್ತು ಮಿಲಿಲೀಟರ್. ಇಂದು ಸಂಜೆ ಆರರವರೆಗೆ ನಾನೂರು. ಗೆರೆ ಕೊರೆದ ಲೋಟದಲ್ಲಿ ಅಳೆದಿರುವುದರಿಂದ ಅಂಕಿಗಳಲ್ಲಿ ಸಂಶಯವಿಲ್ಲ. ಬೇಸಿಗೆ ಈಗಷ್ಟೇ ಕಾಲಿಟ್ಟಿದೆ. ಹೀಗೇ ಮುಂದುವರಿದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಎರಡನೆಯ ಸಲ ಪಾರ್ಶ್ವವಾಯು ಬಡಿದರೂ ಬಡಿಯಬಹುದು ಎಂದು ವೈದ್ಯರು ನನ್ನನ್ನು ಬದಿಗೆ ಕರೆದು ಎಚ್ಚರಿಸಿದರು.

ಕಾರಣ ಕಂಡುಹಿಡಿದದ್ದು ನಾನಲ್ಲ, ನನ್ನ ಹೆಂಡತಿ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋದರೆ ಲಂಗದ ಲಾಡಿ ಬಿಚ್ಚಬೇಕು, ಮತ್ತೆ ಕಟ್ಟಬೇಕು. ಲಾಡಿ ಎರಡು ಕೈಗಳ ಕೆಲಸ. ಅಕ್ಕನಿಗೆ ಈಗ ಉಳಿದಿರುವುದು ಎಡಗೈ ಒಂದೇ; ಸೀರೆ ಬಿಟ್ಟು ಲಂಗ, ರವಿಕೆಯಲ್ಲೇ ಇರುತ್ತಾಳೆ, ಲಂಗ ಎತ್ತಿ ಹಿಡಿಯೋಣವೆಂದರೆ ಆ ಕೈ ಗೋಡೆಯ ಆಸರೆಗೆ ಬೇಕು. ಬಲಗಾಲು ಊರುಗೋಲಿನ ಆಸರೆಯಲ್ಲಿ ನಡೆಯುತ್ತದೆ, ಬಲಗೈ ಮಾತ್ರ ಮಡಿಲಲ್ಲಿ ಇಟ್ಟಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ಸಲವೂ ನನ್ನ ಹೆಂಡತಿಯನ್ನು ಕರೆಯಬೇಕು.

"ಕರೆಯೋಕೆ ಸಂಕೋಚ ರೀ ಅವರಿಗೆ. ಕರೆಯೋದಕ್ಕಿಂತ ಬಾಯಾರಿಕೊಂಡಿರೋದೇ ವಾಸಿ ಅಂತ ಕೂತಿದಾರೆ," ಎಂದಳು ಹೆಂಡತಿ.

ಅಕ್ಕ ನಮ್ಮ ಮನೆಗೆ ಬಂದು ಇಂದಿಗೆ ಹನ್ನೆರಡು ದಿನ. ಇದು ಹನ್ನೆರಡು ದಿನವೂ ನನ್ನ ಕಣ್ಣೆದುರಿಗೇ ಇತ್ತು.

ಏಪ್ರಿಲ್ 6, ಭಾನುವಾರ

ಹೆಂಡತಿ ಸೊಂಟಕ್ಕೆ ಇಲಾಸ್ಟಿಕ್ ಇರುವ ಎರಡು ಸಿದ್ಧ ಲಂಗಗಳನ್ನು ಅಂಗಡಿಯಿಂದ ತಂದಳು. ಅಕ್ಕ ಒಂದರ ಒಳಬದಿ ತಿರುಗಿಸಿ, ಹೊಲಿಗೆಯನ್ನು ಎಡಗೈಯ ಹೆಬ್ಬೆರಳಿನಿಂದ ಸವರಿ, ಎರಡನ್ನೂ ಮಂಚದ ಅಂಚಿಗೆ ತಳ್ಳಿದಳು. ಮಾತು ಈಗ ಅವಳಿಗೆ ಹುಡುಕಿದರೆ ಸಿಗುತ್ತದೆ, ತಾನಾಗಿ ಬರುವುದಿಲ್ಲ. ಸ್ವಲ್ಪ ಹೊತ್ತು ಹುಡುಕಿ, "ಅಂಗಡೀದು... ಹಾಕಲ್ಲ," ಎಂದಳು.

ಇದು ಹಟ ಎಂದು ನನಗೆ ಮೊದಲು ಅನಿಸಿತು. ನಲವತ್ತೈದು ವರ್ಷ ಊರಿನವರ ಬಟ್ಟೆ ಹೊಲಿದವಳು ತಾನು ಕೊಂಡ ಬಟ್ಟೆ ತೊಟ್ಟಿದ್ದನ್ನು ನಾನು ನೋಡಿಲ್ಲ. ಆದರೂ ಪರೀಕ್ಷಿಸದೆ ತೀರ್ಮಾನಿಸಬಾರದು. ಕೋಣೆಯ ಅಗುಳಿ ಹಾಕಿಕೊಂಡು, ಬಲಗೈ ಬೆನ್ನಿಗೆ ಸೇರಿಸಿ, ಪ್ಯಾಂಟಿನ ಮೇಲೆಯೇ ಆ ಲಂಗ ತೊಡಲು ನೋಡಿದೆ. ಬಟ್ಟೆ ಬೆರಳಿಗೆ ನಿಲ್ಲದೆ ಜಾರುತ್ತದೆ. ಇಲಾಸ್ಟಿಕ್ ಬಿಗಿ, ಒಂದು ಬದಿ ಎಳೆದರೆ ಇನ್ನೊಂದು ಬದಿ ಕೆಳಗಿಳಿಯುತ್ತದೆ. ನಾಲ್ಕು ನಿಮಿಷದ ಕೊನೆಗೆ ಆಯ ತಪ್ಪಿ ನೆಲಕ್ಕೆ ಕೂತೆ. ಏನದು ಸದ್ದು ಎಂದು ಹೆಂಡತಿ ಹೊರಗಿನಿಂದ ಕೇಳಿದಳು. ಏನಿಲ್ಲ ಎಂದೆ.

ಅಕ್ಕ ಹೇಳಿದ್ದು ಸರಿ. ಬೇಕಾದದ್ದು ಅಗಲವಾದ, ಹಗುರ ಹತ್ತಿಯ, ಸಡಿಲ ಇಲಾಸ್ಟಿಕ್ಕಿನ ಲಂಗ. ನಾನೇ ಹೊಲಿಯುತ್ತೇನೆ ಎಂದೆ. ಬಟ್ಟೆ ತರಬೇಕೇ ಎಂದು ಕೇಳಿದಾಗ ಅಕ್ಕ ತಲೆಯಾಡಿಸಿದಳು. "ಪೆಟ್ಟಿಗೇಲಿ... ತುಂಡುಗಳಿವೆ."

ಪೆಟ್ಟಿಗೆಯೂ ಹೊಲಿಗೆ ಯಂತ್ರವೂ ಅವಳ ಬಾಡಿಗೆ ಕೋಣೆಯಲ್ಲಿವೆ, ಗುಂಡಿ, ದಾರ ಮಾರುವ ಅಂಗಡಿಯ ಮೇಲೆ. ನಾನು ಮದುವೆಯಾಗಿ, ನಾನು ಕೆಲಸ ಮಾಡುವ ಕಾರ್ಖಾನೆಯವರು ಈ ಮಹಡಿ ಮನೆ ಕೊಟ್ಟಾಗ, ಅಕ್ಕನನ್ನು ಇಲ್ಲಿಗೆ ಕರೆದಿದ್ದೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳು, ಕರೆಯದಿರುವುದು ಸಾಧ್ಯವಿರಲಿಲ್ಲ. ಆದರೆ ಯಂತ್ರ ಬೇಡ, ಸದ್ದಿಗೆ ಕೆಳಗಿನ ಮನೆಯವರು ಆಕ್ಷೇಪಿಸಬಹುದು ಎಂದೆ. ಯೋಚಿಸಿ ಹೇಳುತ್ತೇನೆ ಎಂದವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಿಂಗಳ ಮೊದಲ ಭಾನುವಾರ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದೆ.

ಇಪ್ಪತ್ತಾರು ವರ್ಷ, ವರ್ಷಕ್ಕೆ ಹನ್ನೆರಡು ಗಂಟೆ. ಒಟ್ಟು ಮುನ್ನೂರ ಹನ್ನೆರಡು ಗಂಟೆ, ಅಂದರೆ ಹದಿಮೂರು ದಿನ. ಈ ಸಲ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತದ್ದೇ ಹತ್ತೊಂಬತ್ತು ದಿನ.

ನೀರು: ಐನೂರು.

ಏಪ್ರಿಲ್ 9, ಬುಧವಾರ

ಅರ್ಧ ದಿನ ರಜೆ ಹಾಕಿ ಯಂತ್ರ ತಂದೆ. ಕಬ್ಬಿಣದ ಕಾಲುಗಳ ಸಮೇತ ಇಳಿಸಲು ಇಬ್ಬರು ಆಳು ಬೇಕಾದರು.

ಗುಂಡಿ ಅಂಗಡಿಯಾಕೆ ಮೆಟ್ಟಿಲ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅಕ್ಕನಿಗೆ ಮೂವತ್ತು ವರ್ಷದ ಗೆಳತಿ ಈಕೆ. ಅಕ್ಕ ಬಿದ್ದ ದಿನ ಬಾಗಿಲು ಒಡೆಸಿ ನನಗೆ ಫೋನು ಮಾಡಿದವಳೂ ಈಕೆಯೇ.

"ಇಷ್ಟು ವರ್ಷ ಆದ್ಮೇಲೆ ಮಷೀನಿಗೂ ಕರೆ ಬಂತಾ ಸಾರ್?" ಎಂದಳು.

ಲಂಗ ಹೊಲಿಯಬೇಕಾಗಿದೆ ಎಂದೆ.

"ಯಾರು ಹೊಲಿಯೋದು?"

"ನಾನೇ."

ಆಕೆ ನಗಲಿಲ್ಲ. ಒಳಗೆ ಹೋಗಿ ಬೆರಳಗಲದ ಇಲಾಸ್ಟಿಕ್ಕನ್ನು ತಾನೇ ಎಳೆದು ನೋಡಿ ಆರಿಸಿ, ಎರಡು ಸೂಜಿ, ಒಂದು ಉಂಡೆ ದಾರ ಸೇರಿಸಿ ಪೊಟ್ಟಣ ಕಟ್ಟಿಕೊಟ್ಟಳು. ನಾಲ್ಕು ಸೂಜಿ ಕೊಡಿ, ಮುರಿಯಬಹುದು ಎಂದೆ. "ಹೊಲಿಯಲಾರದವನು ಸೂಜಿ ಡೊಂಕು ಅಂದನಂತೆ. ಎರಡು ಸಾಕು. ಮುರಿದ್ರೆ ಮತ್ತೆ ಬನ್ನಿ, ಅವಳು ಹೇಗಿದಾಳೆ ಅಂತ ಹೇಳೋಕಾದ್ರೂ ಬರ್ತೀರಲ್ಲ," ಎಂದಳು.

ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಯ ಬಳಿ ಇರಿಸಿದೆವು. ಅಕ್ಕ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.  ಮಾತು ಸಿಗಲಿಲ್ಲವೋ, ಹುಡುಕಲಿಲ್ಲವೋ ತಿಳಿಯದು.

ಏಪ್ರಿಲ್ 10, ಗುರುವಾರ

ಕಾರ್ಖಾನೆಯಿಂದ ಸದ್ದು ಅಳೆಯುವ ಉಪಕರಣವನ್ನು ಒಂದು ದಿನದ ಮಟ್ಟಿಗೆ ತಂದೆ. ಹೆಂಡತಿಗೆ ಪೆಡಲು ತುಳಿಯಲು ಹೇಳಿದೆ. ಕೋಣೆಯೊಳಗೆ ಅರವತ್ತನಾಲ್ಕು ಡೆಸಿಬೆಲ್. ನಮ್ಮ ಅಡುಗೆಮನೆಯ ಮಿಕ್ಸಿ ಎಂಬತ್ತೊಂದು. ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲ ಮುಂದೆ ಹಿಡಿದೆ. ಮೂವತ್ತೆಂಟು. ಪೆಡಲು ನಿಲ್ಲಿಸಲು ಹೇಳಿ ಮತ್ತೆ ಅಳೆದೆ. ಮೂವತ್ತೆಂಟು.

ಕೆಳಗಿನ ಮನೆಯವರು ಬಾಗಿಲು ತೆರೆದು, ಏನು ಅಳೆಯುತ್ತಿದ್ದೀರಿ ಎಂದು ಕೇಳಿದರು. ಏನೂ ಇಲ್ಲ ಎಂದೆ. ನಿಜಕ್ಕೂ ಅಲ್ಲಿ ಏನೂ ಇರಲಿಲ್ಲ.

ಏಪ್ರಿಲ್ 13, ಭಾನುವಾರ

ಪೆಟ್ಟಿಗೆ ತೆರೆದೆವು. ನಲವತ್ತೈದು ವರ್ಷದ ಉಳಿಕೆ. ತುಂಡುಗಳನ್ನು ದಪ್ಪ ಒಂದು ಕಡೆ, ತೆಳು ಒಂದು ಕಡೆ ಎಂದು ವಿಂಗಡಿಸಿ, ಸುರುಳಿ ಸುತ್ತಿ, ಅದೇ ಬಟ್ಟೆಯ ಅಂಚಿನಿಂದ ಕಟ್ಟಿಟ್ಟಿದ್ದಾಳೆ. ನಾನು ಒಂದೊಂದೇ ಎತ್ತಿ ಹಿಡಿದೆ. ಅವಳು ಎಡಗೈಯ ತೋರುಬೆರಳಿನಿಂದ ಬೇಕು, ಬೇಡ ಎಂದಳು. ನಯವಾಗಿ ಹೊಳೆಯುವುದೆಲ್ಲ ಬೇಡ. "ಬೆವರು... ಹೀರ್ಬೇಕು." ಕೊನೆಗೆ ಆರು ತುಂಡು ಉಳಿದವು: ತಿಳಿಹಸಿರು, ಬಿಳಿಯ ಮೇಲೆ ಕಪ್ಪು ಚುಕ್ಕೆ, ಹಳದಿ, ಬೂದಿ ಬಣ್ಣದ ಎರಡು, ಮತ್ತು ಸಣ್ಣ ಹೂವಿನದೊಂದು. ಹೂವಿನದನ್ನು ನೋಡಿ, ಅದನ್ನು ಯಾರಿಗೆ ಹೊಲಿದದ್ದೆಂದು ನೆನಪಾಗಿ, ಅವಳ ಮುಖ ಒಂದು ಬದಿಯಲ್ಲಿ ಅರಳಿತು. ಹೆಸರು ಸಿಗಲಿಲ್ಲ. ಸಿಗದೇ ಇದ್ದರೂ ಪರವಾಗಿಲ್ಲ ಎಂಬಂತೆ ಕೈ ಬೀಸಿದಳು.

ಮಧ್ಯಾಹ್ನ ಅವಳು ಮಲಗಿದಾಗ ಊಟದ ಮೇಜಿನ ಮೇಲೆ ಕತ್ತರಿಸಿದೆ. ಎಬ್ಬಿಸಿ, ತೋರಿಸಿ ಕತ್ತರಿಸಬಹುದಿತ್ತು. ಮುಗಿಸಿಯೇ ತೋರಿಸೋಣ ಎಂದುಕೊಂಡೆ.

ಲೆಕ್ಕ ಹೀಗೆ. ಅಕ್ಕನ ನಡುವಿನ ಕೆಳಗಿನ ಸುತ್ತಳತೆ ತೊಂಬತ್ತಾರು ಸೆಂಟಿಮೀಟರ್. ಊನವಾದ ಕಾಲು ಸರಾಗವಾಗಿ ಒಳಹೋಗಲು ಅದರ ಒಂದೂವರೆ ಪಟ್ಟು, ಅಂದರೆ ನೂರ ನಲವತ್ತನಾಲ್ಕು ಬೇಕು. ಆರು ತುಂಡು, ತಲಾ ಇಪ್ಪತ್ತನಾಲ್ಕು. ಉದ್ದವನ್ನು ಅವಳ ಹಳೆಯ ಲಂಗದಿಂದ ತೆಗೆದುಕೊಂಡು, ಮೇಲೆ ಇಲಾಸ್ಟಿಕ್ಕಿಗೂ ಕೆಳಗೆ ಅಂಚು ಮಡಿಸಲಿಕ್ಕೂ ಬೇರೆಯಾಗಿ ಸೇರಿಸಿದೆ. ಉಕ್ಕಿನ ಅಳತೆಪಟ್ಟಿ ಹಿಡಿದು, ಚೂಪು ಮಾಡಿದ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡು ಸಲ ಪರೀಕ್ಷಿಸಿ ಕತ್ತರಿ ಹಾಕಿದೆ. ಯಾವ ತುಂಡಿನಲ್ಲೂ ಅರ್ಧ ಮಿಲಿಮೀಟರ್ ವ್ಯತ್ಯಾಸವಿಲ್ಲ.

"ಪಂಪಿಗಲ್ಲ ರೀ, ಮನುಷ್ಯರಿಗೆ ಹೊಲೀತಿರೋದು," ಎಂದಳು ಹೆಂಡತಿ. ನಮ್ಮ ಕಾರ್ಖಾನೆಯಲ್ಲಿ ನೀರೆತ್ತುವ ಪಂಪು ತಯಾರಾಗುತ್ತದೆ. ಸಿದ್ಧವಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಹುದ್ದೆ. ಹಿಂದಿನಿಂದ ನನ್ನನ್ನು ಮೈಕ್ರಾನ್ ಸಾಹೇಬ ಎನ್ನುತ್ತಾರೆಂದು ಬಲ್ಲೆ.

ನೀರು: ಐನೂರ ಐವತ್ತು.

ಏಪ್ರಿಲ್ 16, ಬುಧವಾರ

ಬೆಳಗ್ಗೆ ಕಾರ್ಖಾನೆಗೆ ಹೊರಡುವ ಮುನ್ನ ಒಂದು ಗಂಟೆ ಚಿಂದಿಯ ಮೇಲೆ ಅಭ್ಯಾಸ. ಪೆಡಲು ತುಳಿದರೆ ಗಾಲಿ ಹಿಂದಕ್ಕೆ ತಿರುಗುತ್ತದೆ, ದಾರ ತುಂಡಾಗುತ್ತದೆ. ಯಂತ್ರದ ಪ್ರತಿ ಭಾಗದ ಕೆಲಸವನ್ನೂ ನಾನು ವಿವರಿಸಬಲ್ಲೆ; ಒಂದು ಗೇಣು ನೇರವಾಗಿ ಹೊಲಿಯಲಾರೆ.

ಅಕ್ಕನ ಮಂಚದಿಂದ ನನ್ನ ಪಾದಗಳು ಮಾತ್ರ ಕಾಣುತ್ತವೆ. ಅವುಗಳನ್ನೇ ನೋಡುತ್ತ ಹೇಳಿದಳು: "ಕಾಲು... ಕೈ ಮಾತು ಕೇಳಬಾರದು." ಸ್ವಲ್ಪ ಬಿಟ್ಟು, "ನಿದ್ದೆಗಣ್ಣಲ್ಲಿ ತುಳೀಬೇಕು."

ಹುಡುಗನಾಗಿದ್ದಾಗ ನಾನು ಆ ಸದ್ದಿನಲ್ಲೇ ಓದುತ್ತಿದ್ದೆ, ಅದರಲ್ಲೇ ನಿದ್ದೆಹೋಗುತ್ತಿದ್ದೆ. ಅದು ನಿಂತರೆ ಎಚ್ಚರವಾಗುತ್ತಿತ್ತು. ಈ ವಿಷಯವನ್ನು ಇಷ್ಟು ವರ್ಷ ಮರೆತಿದ್ದೆ ಎನ್ನುವಂತಿಲ್ಲ. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಕಾರ್ಖಾನೆಗೆ ಹನ್ನೊಂದು ನಿಮಿಷ ತಡವಾಯಿತು.

ಏಪ್ರಿಲ್ 19, ಶನಿವಾರ

ಆರೂ ತುಂಡು ಸೇರಿದವು. ತೆಗೆದುಕೊಂಡು ಹೋಗಿ ಅಕ್ಕನ ಮಡಿಲಲ್ಲಿಟ್ಟೆ. ಅವಳು ಒಳಬದಿ ತಿರುಗಿಸಿ ಹೆಬ್ಬೆರಳಿನಿಂದ ಒಂದು ಹೊಲಿಗೆಯ ಉದ್ದಕ್ಕೂ ಹೋದಳು. ಸೊಟ್ಟ ಇದ್ದಲ್ಲಿ ನಿಂತಳು, ಮುಂದೆ ಹೋದಳು. ಆಮೇಲೆ ಬಟ್ಟೆಯನ್ನು ಹರವಿ ಸುಮ್ಮನೆ ನೋಡಿದಳು.

"ಕತ್ತರಿಸುವಾಗ... ಎಷ್ಟು ಬಿಟ್ಟೆ?"

ಏನು ಬಿಡುವುದು ಎಂದು ಕೇಳಿದೆ.

"ಹೊಲಿಗೆಗೆ."

ನಾನು ಏನೂ ಬಿಟ್ಟಿರಲಿಲ್ಲ. ಒಂದೊಂದು ತುಂಡಿನ ಎರಡೂ ಬದಿಗಳಲ್ಲಿ ಒಂದೂವರೆ ಸೆಂಟಿಮೀಟರ್ ಹೊಲಿಗೆಯ ಒಳಗೆ ಸೇರಿಹೋಗಿದೆ. ಇಪ್ಪತ್ತನಾಲ್ಕು ಇಪ್ಪತ್ತೊಂದಾಗಿದೆ, ನೂರ ನಲವತ್ತನಾಲ್ಕು ನೂರ ಇಪ್ಪತ್ತಾರಾಗಿದೆ. ಒಂದನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ. ನನ್ನ ಮೇಜಿಗೆ ಬರುವ ಭಾಗಗಳೆಲ್ಲ ಸಿದ್ಧವಾಗಿಯೇ ಬರುತ್ತವೆ. ಅವು ಹಾಗಾಗುವುದಕ್ಕೆ ಮೊದಲು ಎಷ್ಟಿದ್ದವು, ಎಷ್ಟು ಕಳೆದುಕೊಂಡವು ಎಂದು ನಾನು ಕೇಳಿದವನಲ್ಲ.

ಅಕ್ಕ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. ಅಕ್ಕ ಲಂಗವನ್ನು ತೋರಿಸಿ, ನನ್ನನ್ನು ತೋರಿಸಿ, "ಎಂಜಿನಿಯರು," ಎಂದಳು. ಆ ಪದಕ್ಕೆ ಅವಳು ಹುಡುಕಬೇಕಾಗಲಿಲ್ಲ.

ಏಪ್ರಿಲ್ 20, ಭಾನುವಾರ

ಏಳನೆಯ ತುಂಡು ಸೇರಿಸಿದರೆ ಅಗಲ ಸರಿಹೋಗುತ್ತದೆ. ತಕ್ಕ ಬಟ್ಟೆಗಾಗಿ ಪೆಟ್ಟಿಗೆಯ ತಳದವರೆಗೆ ಹೋದೆ. ತಳದಲ್ಲಿ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಇಟ್ಟಿದ್ದ ಒಂದು ಸುರುಳಿ ಸಿಕ್ಕಿತು. ಬಿಳಿಯ ಮೇಲೆ ನೀಲಿ ಪಟ್ಟೆ, ಇಪ್ಪತ್ತೆಂಟು ಸೆಂಟಿಮೀಟರ್ ಅಗಲ, ತೆಳು ಹತ್ತಿ, ಹೊಸದರಂತಿದೆ. ಅಕ್ಕನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಹ್ಞೂಂ, ಅದೇ ಆಗಲಿ," ಎಂದಳು.

ನಾನು ಆ ಬಟ್ಟೆಯನ್ನು ಗುರುತಿಸಿದೆ. ಅವಳಿಗೆ ಹೇಳಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ ತೊಡಲೆಂದು ಅಕ್ಕ ಈ ಬಟ್ಟೆಯಲ್ಲಿ ನನಗೆ ಅಂಗಿ ಹೊಲಿದಿದ್ದಳು. ಕಾಲರಿನ ಒಳಮೈಗೆ ಬೇರೊಂದು ಬಟ್ಟೆ ಹಾಕಿದ್ದಳು. ಹೊರಗೆ ಕಾಣುತ್ತಿರಲಿಲ್ಲ, ಬಗ್ಗಿದಾಗ ಹಿಂದಿನಿಂದ ನೋಡಿದವರಿಗೆ ಕಾಣುತ್ತಿತ್ತು. ಜೊತೆಯವನೊಬ್ಬ, ನಿನ್ನ ಅಂಗಿಗೆ ಒಳಗೊಂದು ಅಂಗಿ ಇದೆಯೇನಯ್ಯ ಎಂದು ಎಲ್ಲರೆದುರು ಕೇಳಿದ. ಬೇರೇನೂ ಹೇಳಲಿಲ್ಲ ಅವನು, ಅಷ್ಟೇ. ಆ ವಾರವೇ ಅಂಗಿಯನ್ನು ಗೇಟಿನ ಕಾವಲುಗಾರನಿಗೆ ಕೊಟ್ಟುಬಿಟ್ಟೆ.

ಅಂಗಿ ಸರಿಯಾಗಿ ಕೂರುತ್ತಿದೆಯೇ ಎಂದು ಅಕ್ಕ ಕೇಳುತ್ತಿದ್ದಳು. ಕೂರುತ್ತಿದೆ, ಮೊನ್ನೆ ತಾನೇ ತೊಟ್ಟಿದ್ದೆ ಎನ್ನುತ್ತಿದ್ದೆ. ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳಲಿಲ್ಲ. ಸದ್ಯ, ಮರೆತಳು ಎಂದು ನಾನು ಸಮಾಧಾನಪಟ್ಟದ್ದು ಚೆನ್ನಾಗಿ ನೆನಪಿದೆ.

ಏಪ್ರಿಲ್ 22, ಮಂಗಳವಾರ

ಹೊಲಿಯಲಿಲ್ಲ. ಬಿಸಿಲು ಜಾಸ್ತಿ. ಅಕ್ಕನ ತುಟಿ ಒಡೆದಿದೆ. ಲೋಟ ಮುಂದೆ ಹಿಡಿದರೆ ಎರಡು ಗುಟುಕು ಕುಡಿದು ಬಾಗಿಲ ಕಡೆ ನೋಡುತ್ತಾಳೆ, ಹೆಂಡತಿ ಕೆಲಸದಲ್ಲಿದ್ದಾಳೋ ಬಿಡುವಾಗಿದ್ದಾಳೋ ಎಂದು.

ಏಪ್ರಿಲ್ 26, ಶನಿವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಈ ಸಲ ಅಕ್ಕನ ಕಣ್ಣೆದುರಿಗೇ ಕತ್ತರಿಸಬೇಕೆಂದು ನೀಲಿ ಬಟ್ಟೆಯನ್ನು ಅವಳ ಮಂಚದ ಮೇಲೆ ಹಾಸಿದೆ. ಅಗಲ ಹದಿನೆಂಟು ಬೇಕು. ಎರಡು ಬದಿಗೆ ಒಂದೂವರೆಯಂತೆ ಮೂರು ಸೇರಿಸಿ ಇಪ್ಪತ್ತೊಂದಕ್ಕೆ ಗೆರೆ ಎಳೆದೆ. ಅಕ್ಕ ಒಪ್ಪಲಿಲ್ಲ. ಗೆರೆಯ ಆಚೆ ಎಡಗೈಯ ಎರಡು ಬೆರಳು ಜೋಡಿಸಿಟ್ಟು, "ಇಷ್ಟು ಬಿಡು," ಎಂದಳು.

ಒಂದೂವರೆ ಸಾಕಲ್ಲವೇ, ಉಳಿದ ಆರಕ್ಕೂ ಅಷ್ಟೇ ಇದೆಯಲ್ಲ ಎಂದೆ.

"ನಾಳೆ ದಪ್ಪ ಆದ್ರೆ? ಒಳಗೆ ಇದ್ರೆ... ಬಿಚ್ಚಿ ದೊಡ್ಡದು ಮಾಡಬಹುದು." ಉಸಿರು ತೆಗೆದುಕೊಂಡಳು. ಬೆರಳು ಬಟ್ಟೆಯ ಮೇಲೆಯೇ ಇತ್ತು. "ಆ ಅಂಗೀಗೂ ಎರಡು ಬೆರಳು ಬಿಟ್ಟಿದ್ದೆ."

ಯಾವ ಅಂಗಿ ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಬಿಚ್ಚಿದೆ. ಎರಡೂ ಕಡೆ. ಕಾವಲುಗಾರಂಗೆ." ತನ್ನ ಎದೆಯ ಮೇಲೆ ಕೈ ಅಗಲಿಸಿ ತೋರಿಸಿದಳು. "ಎದೆ ಅಗಲ ಅವನದು."

ಕಾರ್ಖಾನೆಯ ಗೇಟಿಗೆ ಅತಿ ಹತ್ತಿರವಿದ್ದ ದರ್ಜಿ ಅಕ್ಕನೇ. ನಾನು ಕೊಟ್ಟ ಅಂಗಿ ಬಿಗಿಯಾದಾಗ ಆ ಮನುಷ್ಯ ಬೇರೆಲ್ಲಿಗೆ ಹೋಗಬೇಕಿತ್ತು? ಈ ಸಾಧ್ಯತೆ ನನಗೆ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

"ನಿಂಗೆ ಗೊತ್ತಾಗಿತ್ತಾ ಅಕ್ಕ?"

"ಹೊಲಿಗೆ ನಂದಲ್ವಾ."

ಆಗಲೇ ಯಾಕೆ ಕೇಳಲಿಲ್ಲ ಎಂದೆ. ಅವಳು ಪದ ಹುಡುಕಿದಳು. ಒಂದು ಸಿಕ್ಕಿತು, ಅದು ಬೇಡವೆಂದು ತಲೆಯಾಡಿಸಿದಳು. ಇನ್ನೊಂದಕ್ಕೆ ಕಾದಳು. ನಾನೂ ಕಾದೆ.

"ನೀನು ದಪ್ಪ ಆಗ್ತೀಯ ಅಂತ ಬಿಟ್ಟಿದ್ದು," ಎಂದಳು ಕೊನೆಗೆ. "ಅವನಿಗೆ ಚೆನ್ನಾಗಿ ಕೂತಿತ್ತು."

ಆಮೇಲೆ ಕತ್ತರಿಯನ್ನು ನನ್ನ ಕಡೆ ತಳ್ಳಿದಳು. ಎರಡು ಬೆರಳು ಬಿಟ್ಟು ಕತ್ತರಿಸಿದೆ. ಗೆರೆ ನೇರ ಬರಲಿಲ್ಲ.

ಏಪ್ರಿಲ್ 27, ಭಾನುವಾರ

ಏಳನೆಯದನ್ನು ಸೇರಿಸಿ, ಇಲಾಸ್ಟಿಕ್ ತೂರಿಸಿ, ಅಂಚು ಮಡಿಸಿದೆ. ಕ್ಷಮೆ ಕೇಳಬೇಕೆಂದು ಎರಡು ಸಲ ಯಂತ್ರ ನಿಲ್ಲಿಸಿದೆ. ಎರಡು ಸಲವೂ ಅವಳು, ದಾರ ಕಿತ್ತುಹೋಯಿತೇ ಎಂದು ಕೇಳಿದಳು. ಇಲ್ಲ ಎಂದು ಮತ್ತೆ ತುಳಿದೆ.

ಏಪ್ರಿಲ್ 30, ಬುಧವಾರ

ಲಂಗ ಒಗೆದು, ಒಣಗಿಸಿ ಕೊಟ್ಟಾಯಿತು. ಹೆಂಡತಿ ತೊಡಿಸಲು ಹೋದಾಗ ಅಕ್ಕ ಬಾಗಿಲ ಕಡೆ ಬೆರಳು ತೋರಿಸಿದಳು. ಇಬ್ಬರೂ ಹೊರಗೆ ಬಂದೆವು.

ಮಂಚದ ಕಿರುಗುಟ್ಟುವಿಕೆ ಕೇಳಿಸಿತು. ಊರುಗೋಲು ಬಿತ್ತು. ಹೆಂಡತಿ ಬಾಗಿಲಿಗೆ ಕೈ ಹಾಕಿದಳು, ನಾನು ಬೇಡ ಎಂದೆ. ಒಳಗೆ ಅವಳು ತನಗೆ ತಾನೇ ಏನೋ ಬೈದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಮಾತ್ರ ತಡವರಿಕೆಯೇ ಇರಲಿಲ್ಲ. ಹೆಂಡತಿ ಬಾಯಿಗೆ ಸೆರಗು ಅಡ್ಡಹಿಡಿದಳು. ಎಷ್ಟು ಹೊತ್ತಾಯಿತೋ ನೋಡಲಿಲ್ಲ, ಗಡಿಯಾರ ಒಳಗಿನ ಮೇಜಿನ ಮೇಲಿತ್ತು.

ಬಾಗಿಲು ತೆರೆಯಿತು. ಅಕ್ಕ ನಿಂತಿದ್ದಳು. ಮುಖವೆಲ್ಲ ಬೆವರು. ಒಂದು ಬದಿಯಲ್ಲಿ ಅಂಚು ಹೆಬ್ಬೆರಳಗಲ ಇಳಿಬಿದ್ದಿದೆ, ನನ್ನ ಹೊಲಿಗೆಯ ದೋಷ. ಅದನ್ನು ಸರಿಮಾಡಿಕೊಡುತ್ತೇನೆ ಎಂದೆ.

"ಇರಲಿ ಬಿಡೋ ಮರಿ," ಎಂದಳು. ನನ್ನನ್ನು ಹಾಗೆ ಕರೆದು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಹೊರಟು ಬಿಟ್ಟುಬಿಟ್ಟೆ. "ನೀರು ಕೊಡು."

ಅಳತೆಯ ಲೋಟ ಕೈಗೆ ಸಿಗಲಿಲ್ಲ. ಅಡುಗೆಮನೆಯ ದೊಡ್ಡ ಚೊಂಬಿನಲ್ಲಿ ಕೊಟ್ಟೆ. ನಿಂತಲ್ಲೇ ಮುಗಿಸಿ ಚೊಂಬನ್ನು ಮತ್ತೆ ಮುಂದೆ ಹಿಡಿದಳು.

ಮೇ 4, ಭಾನುವಾರ

ತಿಂಗಳ ಮೊದಲ ಭಾನುವಾರ. ನಾಲ್ಕು ಗಂಟೆಗೆ ಅಭ್ಯಾಸಬಲದಿಂದ ಚಪ್ಪಲಿ ಹಾಕಿಕೊಂಡು ಬಾಗಿಲವರೆಗೂ ಹೋಗಿದ್ದೆ. "ಎಲ್ಲಿಗೆ?" ಎಂದಳು ಅಕ್ಕ, ಕಿಟಕಿಯ ಬಳಿಯ ಕುರ್ಚಿಯಿಂದ. ಚಪ್ಪಲಿ ಬಿಟ್ಟು ಬಂದು ಅವಳ ಎದುರಿಗೆ ಕೂತೆ.

ಈಗ ಅವಳು ಕೇಳಿ ನೀರು ಕುಡಿಯುತ್ತಾಳೆ. ತಾನೇ ಹೋಗುತ್ತಾಳೆ, ತಾನೇ ಬರುತ್ತಾಳೆ. ಅಗುಳಿ ಹಾಕಬಾರದೆಂದು ವ್ಯಾಯಾಮ ಹೇಳಿಕೊಡುವಾಕೆ ಎಷ್ಟು ಹೇಳಿದರೂ ಹಾಕುತ್ತಾಳೆ. ಒಳಗಿನಿಂದ ಅಗುಳಿ ಬೀಳುವ ಸದ್ದು ಕೇಳಿದರೆ ಹೆಂಡತಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಪೆಟ್ಟಿಗೆಯಲ್ಲಿ ನೀಲಿ ಬಟ್ಟೆಯ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಉಳಿದಿದೆ. ಅದರಲ್ಲಿ ಏನೂ ಆಗುವುದಿಲ್ಲ. ಸುರುಳಿ ಸುತ್ತಿ, ಅದರ ಅಂಚಿನಿಂದಲೇ ಕಟ್ಟಿ, ಮತ್ತೆ ತಳದಲ್ಲಿಟ್ಟೆ. ಕಾವಲುಗಾರ ನಿವೃತ್ತನಾಗಿ ಹೋಗಿ ಹದಿನೈದು ವರ್ಷವಾಯಿತು. ಆ ಅಂಗಿ ತೊಟ್ಟು ಅವನು ಪ್ರತಿದಿನ ನನಗೆ ಗೇಟು ತೆರೆಯುತ್ತಿದ್ದ. ಅದು ಅವನ ಮೈಗೆ ಯಾವ ದಿನ ಸಡಿಲವಾಯಿತೆಂದು ನಾನು ನೋಡಿದ್ದರೆ ಗೊತ್ತಾಗುತ್ತಿತ್ತು. ಅಳತೆ ನೋಡುವುದೇ ನನ್ನ ಕೆಲಸ.

ಕ್ಷಮೆ ಇನ್ನೂ ಕೇಳಿಲ್ಲ. ಬೇಡವೆನ್ನುತ್ತಾಳೆ ಎಂದು ಬಲ್ಲೆ. ಬೇಡವೆನ್ನಿಸಿಕೊಂಡು ಹಗುರಾಗುವುದು ಸರಿಯಲ್ಲವೆಂದು ತೋರುತ್ತದೆ.

ಲಾಡಿಯಿಲ್ಲದ ಲಂಗಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಕೈಗೆ ಬಂದ ಹಾಗೆ ತೊಡುತ್ತಾಳೆ. ನೀಲಿ ಪಟ್ಟೆಯ ತುಂಡು ಒಂದು ದಿನ ಬೆನ್ನ ಹಿಂದೆ ಇರುತ್ತದೆ, ಒಂದು ದಿನ ಗೋಡೆಯ ಬದಿಗೆ. ಇವತ್ತು ನನ್ನ ಕಡೆಗೆ ಇತ್ತು. ಕತ್ತಲಾಗುವವರೆಗೂ ಎದುರಿಗೇ ಕೂತಿದ್ದೆ.